ಹ್ಯಾಂಡಲ್ ಹೋದ ಮೇಲೆ ಹೊಗೆಯೇ ಸಾಕ್ಷಿ

ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಪಿಸ್ಟನ್ನಿನ ರಿಂಗ್ ಹೋಗಿದೆ, ರಿಂಗ್ ಹೋಗಿದ್ದರೆ ಸಿಲಿಂಡರು ಕೊರೆಸಿ ಬೋರ್ ಮಾಡಿಸಬೇಕು. ಎಂಜಿನ್ನಿನ ಆಯಸ್ಸು ಹೇಳಲು ನಮ್ಮ ಗ್ಯಾರೇಜುಗಳಿಗೆ ಬಹುಕಾಲ ಇಷ್ಟು ಸೂತ್ರ ಸಾಕಾಗಿತ್ತು. ಬಿಡದಿಯಿಂದ ರಾಮನಗರ ದಾಟಿ ಚನ್ನಪಟ್ಟಣದ ತನಕ ಹಳೆಯ ಮೈಸೂರು ರಸ್ತೆಯ ಬದಿಯಲ್ಲಾಗಲಿ, ಒಳಗೆ ಕನಕಪುರ, ಮಾಗಡಿಯ ಪೇಟೆಗಳಲ್ಲಾಗಲಿ ಇವತ್ತಿಗೂ ಈ ಮಾತು ಚಲಾವಣೆಯಲ್ಲಿದೆ. ಆಯಿಲ್ ಕುಡಿಯುವುದು, ಕಂಪ್ರೆಷನ್ ಇಳಿಯುವುದು, ಎಂಜಿನ್ ಮುದಿಯಾಗುವುದು, ಇವು ಮೂರೂ ಒಂದೇ ಕಾಯಿಲೆ ಎಂದು ಮೆಕ್ಯಾನಿಕ್ಕೂ ನಂಬಿದ, ಗಾಡಿಯ ಯಜಮಾನನೂ ನಂಬಿದ. ಈ ನಂಬಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಅದು ಹುಟ್ಟಿದ ಕಾಲದ ಎಂಜಿನ್ನಿಗೆ ಅದು ಬಹುಮಟ್ಟಿಗೆ ಸರಿಯಾಗಿಯೇ ಹೊಂದುತ್ತಿತ್ತು. ಮುಂದೆ ಎಂಜಿನ್ ಬದಲಾಯಿತು, ಸೂತ್ರ ಹಾಗೇ ಉಳಿಯಿತು. ಅಲ್ಲಿಂದೀಚೆಗೆ ಇಳಿಸಬೇಕಿಲ್ಲದ ಹೆಡ್ ಇಳಿದಿವೆ, ಕೊರೆಯಬೇಕಿಲ್ಲದ ಸಿಲಿಂಡರು ಕೊರೆಸಿಕೊಂಡಿವೆ, ಸಾಲ ಮಾಡಿ ಟ್ಯಾಕ್ಸಿ ಕೊಂಡವರ ಕೈಯಿಂದ ದುಡ್ಡು ಹೋಗಿದೆ. ಸೂತ್ರ ಹೇಗೆ ಹುಟ್ಟಿತು, ಯಾವಾಗ ಹಳತಾಯಿತು ಎಂಬುದನ್ನು ನೋಡಲು ಈ ಜಿಲ್ಲೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಎಂಜಿನ್ ಸವೆಸುವ ಕಲ್ಲು, ಎಂಜಿನ್ ಓಡಿಸುವ ಹೆದ್ದಾರಿ, ಕಾರು ಮಾಡುವ ಕಾರ್ಖಾನೆ ಮೂರೂ ಇಲ್ಲಿ ಒಂದರ ಪಕ್ಕ ಒಂದಿವೆ.

ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಗೇಜು ಬರುವುದಕ್ಕೆ ಮೊದಲು ಕಂಪ್ರೆಷನ್ ನೋಡುವ ಸಾಧನ ಇರಲಿಲ್ಲ ಎಂದುಕೊಂಡರೆ ತಪ್ಪು. ಸಾಧನ ಇತ್ತು, ಅದರ ಹೆಸರು ಹ್ಯಾಂಡಲ್. ಬಾವಿಯಿಂದ ಹಿಪ್ಪುನೇರಳೆ ತೋಟಕ್ಕೆ ನೀರೆತ್ತುತ್ತಿದ್ದ ಒಂಟಿ ಸಿಲಿಂಡರಿನ ಆಯಿಲ್ ಎಂಜಿನ್ನನ್ನು ಚಾಲೂ ಮಾಡುವ ಕ್ರಮ ನೆನೆದರೆ ಇದು ತಿಳಿಯುತ್ತದೆ. ಡಿಕಂಪ್ರೆಷನ್ ಲಿವರ್ ಎತ್ತಿ ವಾಲ್ವ್ ತೆರೆದಿಟ್ಟು, ಹ್ಯಾಂಡಲ್ ತಿರುಗಿಸಿ ವೇಗ ಬರಿಸಿ, ಲಿವರ್ ಬಿಡಬೇಕು. ಬಿಟ್ಟ ಕ್ಷಣ ಗಾಳಿ ಒತ್ತಿಕೊಂಡು ಕೈಗೆ ಎದುರು ನಿಲ್ಲುತ್ತದೆ. ಆ ಎದುರೊತ್ತು ಎಷ್ಟಿದೆ ಎಂಬುದೇ ಎಂಜಿನ್ನಿನ ಆರೋಗ್ಯ. ಅಂಬಾಸಿಡರ್ ಕಾರಿಗೂ ಹ್ಯಾಂಡಲ್ ಇತ್ತು. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಎರಡು ಸುತ್ತಿಗೆ ನಾಲ್ಕು ಕಂಪ್ರೆಷನ್, ಅಂದರೆ ಪ್ರತಿ ಅರ್ಧ ಸುತ್ತಿಗೆ ಒಂದು ಬಿಗಿ ಕೈಗೆ ಸಿಗಬೇಕು. ನಾಲ್ಕರಲ್ಲಿ ಒಂದು ಮೆತ್ತಗೆ ಜಾರಿತೆಂದರೆ ಆ ಸಿಲಿಂಡರಿನ ವಾಲ್ವೋ ರಿಂಗೋ ಹೋಗಿದೆ ಎಂದು ಅರ್ಥ. ಅಂಕಿ ಸಿಗುತ್ತಿರಲಿಲ್ಲ, ಆದರೆ ಹೋಲಿಕೆ ಸಿಗುತ್ತಿತ್ತು. ಇವತ್ತು ಕಂಪ್ರೆಷನ್ ಟೆಸ್ಟಿನಲ್ಲೂ ಮೊದಲು ನೋಡಬೇಕಾದದ್ದು ಸಿಲಿಂಡರುಗಳ ನಡುವಿನ ಈ ಹೋಲಿಕೆಯನ್ನೇ. ಚಳಿಯ ಬೆಳಿಗ್ಗೆ ಹ್ಯಾಂಡಲ್ ಹೊಡೆಯುತ್ತಿದ್ದ ಡ್ರೈವರು ತನಗೇ ತಿಳಿಯದಂತೆ ಈ ಪರೀಕ್ಷೆಯನ್ನು ಮಾಡುತ್ತಲೇ ಇರುತ್ತಿದ್ದ. ಹೀಗಾಗಿ ಆ ಕಾಲದಲ್ಲಿ ಹೊಗೆ ಎರಡನೆಯ ಸಾಕ್ಷಿ, ಕೈಗೆ ಸಿಕ್ಕ ಬಿಗಿ ಮೊದಲನೆಯದು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದರ ಎಂಜಿನ್ ಅಡ್ಡ ಕೂತಿತ್ತು, ಹ್ಯಾಂಡಲ್ ತೂರಿಸುವ ತೂತೇ ಇರಲಿಲ್ಲ. ಮುಂದಿನ ಕಾರುಗಳೂ ಹ್ಯಾಂಡಲ್ ಬಿಟ್ಟವು. ಮೊದಲನೆಯ ಸಾಕ್ಷಿ ಯಾರ ಗಮನಕ್ಕೂ ಬಾರದೆ ಮರೆಯಾಯಿತು, ಎರಡನೆಯದೇ ಇಡೀ ತೀರ್ಪು ಹೊತ್ತುಕೊಂಡಿತು.

ಆ ಹಳೆಯ ಎಂಜಿನ್ನುಗಳಲ್ಲಿ ಹೊಗೆಯೂ ಕಂಪ್ರೆಷನ್ನೂ ಜೊತೆಗೇ ಕೆಡಲು ಒಂದು ಕಾರಣ ಇಲ್ಲಿನ ನೆಲದಲ್ಲೇ ಇದೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಅವರ ಅಧಿಕಾರಿ ಬ್ಯಾರಿ ಕ್ಲೋಸ್ ಹೆಸರಿನಿಂದ ಕ್ಲೋಸ್‌ಪೇಟೆ ಎಂದು ಹೆಸರಿತ್ತು. ಆ ಹೆಸರನ್ನು ಊರು ಬಿಟ್ಟಿತು, ಭೂವಿಜ್ಞಾನ ಬಿಡಲಿಲ್ಲ. ಸುಮಾರು 250 ಕೋಟಿ ವರ್ಷ ಹಳೆಯ ಇಲ್ಲಿನ ಬೆಣಚುಭರಿತ ಬಂಡೆಗೆ ಜಗತ್ತೆಲ್ಲ ಕ್ಲೋಸ್‌ಪೇಟ್ ಗ್ರ್ಯಾನೈಟ್ ಎಂದೇ ಹೆಸರು. ಬೆಣಚುಕಲ್ಲು ಸಿಲಿಂಡರಿನ ಎರಕದ ಕಬ್ಬಿಣಕ್ಕಿಂತ ಗಡಸು. ಕನಕಪುರದ ಕ್ವಾರಿ ದಾರಿಯಲ್ಲಿ, ಮಾಗಡಿಯ ಮಣ್ಣುರಸ್ತೆಯಲ್ಲಿ ಏಳುವ ಧೂಳು ಏರ್ ಫಿಲ್ಟರಿನ ಸಡಿಲ ಕ್ಲಿಪ್ಪಿನಿಂದಲೋ ಬಿರಿದ ರಬ್ಬರ್ ಹೋಸಿನಿಂದಲೋ ಒಳಸೇರಿದರೆ ಮೊದಲು ತಿನ್ನುವುದು ಸಿಲಿಂಡರಿನ ಮೇಲಂಚನ್ನು, ಅಲ್ಲಿ ತಿರುಗಿ ಬರುವ ಮೊದಲನೆಯ ರಿಂಗನ್ನು. ಹೆಡ್ ಇಳಿಸಿ ಉಗುರು ಆಡಿಸಿದರೆ ಅಲ್ಲೊಂದು ಮೆಟ್ಟಿಲು ಸಿಗುತ್ತದೆ. ಅದು ಆಳವಾದಂತೆ ಒತ್ತಿದ ಗಾಳಿ ಕೆಳಗೆ ಸೋರುತ್ತದೆ, ಗ್ಯಾರೇಜಿನವರು ಹೇಳುವ ಬ್ಯಾಕ್ ಕಂಪ್ರೆಷನ್ ಶುರುವಾಗುತ್ತದೆ, ಆಯಿಲ್ ಹಾಕುವ ಮುಚ್ಚಳ ತೆಗೆದರೆ ಉಸಿರಿನಂತೆ ಆವಿ ನುಗ್ಗುತ್ತದೆ. ಅದೇ ಸವೆತದ ಸಂದಿಯಿಂದ ಆಯಿಲ್ ಮೇಲೇರಿ ಸುಡುತ್ತದೆ. ಸವೆತ ಒಂದೇ, ಲಕ್ಷಣ ಎರಡು. ಇಂಥ ಎಂಜಿನ್ನಿಗೆ ಬೋರ್ ಮಾಡಿ ಓವರ್‌ಸೈಜ್ ಪಿಸ್ಟನ್ ಹಾಕುವುದು ಸರಿಯಾದ ಔಷಧವೇ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದು ಮೈಸೂರು ಸಂಸ್ಥಾನದ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡಿದಾಗ ಈ ಪಾಠ ಇನ್ನೂ ಗಟ್ಟಿಯಾಗಿರಬೇಕು. ಸರಿಯಾಗಿ ಸೋಸದ ಇದ್ದಿಲ ಗ್ಯಾಸು ಬೂದಿಯನ್ನೂ ಡಾಂಬರಿನಂಥ ಅಂಟನ್ನೂ ನೇರ ಸಿಲಿಂಡರಿಗೇ ತಂದು ಹಾಕುತ್ತದೆ.

ಆದರೆ ಆ ಕಾಲದಲ್ಲೂ ಹೊಗೆಯನ್ನು ಮಾತ್ರ ನಂಬದೆ ಲೆಕ್ಕ ಇಟ್ಟವರಿದ್ದರು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳಿಂದ ಆರಂಭವಾಯಿತು, 1961ರಲ್ಲಿ ನಿಗಮವಾಯಿತು, ಮುಂದೆ ಕೆ.ಎಸ್.ಆರ್.ಟಿ.ಸಿ. ಎಂಬ ಹೆಸರು ಪಡೆಯಿತು. ಇವತ್ತು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಕಡೆ ಅದರ ಡಿಪೋಗಳಿವೆ. ಡಿಪೋ ವ್ಯವಸ್ಥೆಯ ದೊಡ್ಡ ಗುಣ ಅದರ ರಿಜಿಸ್ಟರು. ಯಾವ ಬಸ್ಸು ಎಷ್ಟು ಕಿಲೋಮೀಟರ್ ಓಡಿತು, ಲೀಟರಿಗೆ ಎಷ್ಟು ಕೊಟ್ಟಿತು, ಎಂಜಿನ್ ಆಯಿಲ್ ಎಷ್ಟು ಟಾಪ್ ಅಪ್ ಆಯಿತು ಎಂದು ಬರೆದಿಡುವ ಪದ್ಧತಿ ರಾಜ್ಯ ಸಾರಿಗೆ ಸಂಸ್ಥೆಗಳ ಬೆನ್ನೆಲುಬು. ಕಿಲೋಮೀಟರಿಗೆ ಎಷ್ಟು ಆಯಿಲ್ ಎಂಬ ಅಂಕಿ ತಿಂಗಳಿಂದ ತಿಂಗಳಿಗೆ ಏರಿದರೆ ಅದು ಹೊಗೆಗಿಂತ ಮೊದಲೇ ಮಾತಾಡುತ್ತದೆ. ಖಾಸಗಿ ಗಾಡಿಯ ಯಜಮಾನ ಈ ಲೆಕ್ಕ ಇಡಲಿಲ್ಲ, ಅವನ ಮೆಕ್ಯಾನಿಕ್ ಕೇಳಲೂ ಇಲ್ಲ. ಪಕ್ಕದ ಡಿಪೋದಲ್ಲಿ ರೂಢಿಯಾಗಿದ್ದ ವಿದ್ಯೆ ಕಾಂಪೌಂಡ್ ಗೋಡೆ ದಾಟಿ ಗ್ಯಾರೇಜಿಗೆ ಬರಲಿಲ್ಲ ಎಂಬುದು ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಬೇಸರದ ಸಂಗತಿ.

1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸ್ಥಾಪನೆಯಾಯಿತು. 1999ರ ಕೊನೆಗೆ ಬಿಡದಿಯಲ್ಲಿ ಕ್ವಾಲಿಸ್ ತಯಾರಿಕೆ ಶುರುವಾಗಿ, 2000ದ ಜನವರಿಯಲ್ಲಿ ಮಾರುಕಟ್ಟೆಗೆ ಬಂತು. 2.4 ಲೀಟರಿನ ಅದರ ಡೀಸೆಲ್ ಎಂಜಿನ್‌ಗೆ ಟರ್ಬೋ ಇರಲಿಲ್ಲ, ಸುಮಾರು 75 ಅಶ್ವಶಕ್ತಿ, ವಿನ್ಯಾಸ ಹಳೆಯ ತಲೆಮಾರಿನದು, ಗಟ್ಟಿ. ಹಳೆಯ ಸೂತ್ರ ಅದರ ಮಟ್ಟಿಗೆ ಇನ್ನೂ ನಡೆಯುತ್ತಿತ್ತು. 2005ರಲ್ಲಿ ಬಂದ ಇನೋವಾದ ಡೀಸೆಲ್ ಎಂಜಿನ್ ಬೇರೆ ಜಾತಿಯದು: ಕಾಮನ್ ರೈಲ್, ಟರ್ಬೋ. ಟರ್ಬೋ ಬಂದದ್ದರಿಂದ ಆಯಿಲ್ ಸುಡಲು ಸಿಲಿಂಡರಿನ ಸಂಬಂಧವೇ ಇಲ್ಲದ ಒಂದು ದಾರಿ ತೆರೆಯಿತು. ಟರ್ಬೋ ಶಾಫ್ಟಿನ ಸೀಲ್ ಸೋತರೆ ಆಯಿಲ್ ಗಾಳಿಯ ಪೈಪಿಗೋ ಸೈಲೆನ್ಸರಿಗೋ ಇಳಿಯುತ್ತದೆ, ಹೊಗೆ ದಟ್ಟವಾಗಿ ಬರುತ್ತದೆ, ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಹೊಸದರಂತೆ ಇರುತ್ತದೆ. ವಾಲ್ವ್ ಸೀಲ್ ಗಟ್ಟಿಯಾಗಿ ಸೋರಿದರೂ ಅಷ್ಟೇ. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಚಾಲೂ ಮಾಡಿದಾಗ ಒಂದು ಮೋಡ ಉಗುಳಿ ಸುಮ್ಮನಾಗುತ್ತದೆ. ಇಂಥ ಗಾಡಿಯನ್ನು ಬೋರಿಗೆ ಕಳಿಸುವುದು ಕಾಲು ನೋವಿಗೆ ಹೊಟ್ಟೆ ಕೊಯ್ದಂತೆ.

ರಿಂಗಿನ ಒಳಗೇ ಒಂದು ಭೇದ ಇದೆ, ಎಲ್ಲಕ್ಕಿಂತ ಹೆಚ್ಚು ತಪ್ಪು ತೀರ್ಮಾನಕ್ಕೆ ಕಾರಣವಾಗುವುದು ಅದು. ಪಿಸ್ಟನ್ನಿಗೆ ಸಾಮಾನ್ಯವಾಗಿ ಮೂರು ರಿಂಗು: ಮೇಲಿನ ಎರಡು ಗಾಳಿ ಹಿಡಿಯುವುದಕ್ಕೆ, ಕೆಳಗಿನದು ಸಿಲಿಂಡರಿನ ಗೋಡೆಯಿಂದ ಆಯಿಲ್ ಬಳಿದು ಕೆಳಗಿಳಿಸುವುದಕ್ಕೆ. ಹೊಸ ಎಂಜಿನ್ನುಗಳಲ್ಲಿ ಆಯಿಲ್ ಬದಲಿಸುವ ಅಂತರ ಹೆಚ್ಚಿತು, ಮೈಲೇಜಿಗಾಗಿ ರಿಂಗುಗಳ ಬಿಗಿ ಕಡಿಮೆಯಾಯಿತು, ಆಯಿಲ್ ತೆಳುವಾಯಿತು. ಈ ಕೆಳಗಿನ ರಿಂಗು ಅಥವಾ ಅದರ ಹಿಂದಿನ ಸಣ್ಣ ತೂತುಗಳು ಕಾರ್ಬನ್ನಿನಿಂದ ಕಟ್ಟಿಕೊಂಡರೆ ಎಂಜಿನ್ ಆಯಿಲ್ ಕುಡಿಯುತ್ತದೆ, ಮೇಲಿನ ಎರಡು ರಿಂಗು ಮಾತ್ರ ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ. ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ನಿಮಿಷಕ್ಕೆ 2,000 ಸುತ್ತಿನಲ್ಲಿ ಓಡುವ ನಾಲ್ಕು ಸಿಲಿಂಡರಿನ ಎಂಜಿನ್ 1,000 ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಸುಟ್ಟಿತೆನ್ನಿ. ಆ ದೂರಕ್ಕೆ 1,000 ನಿಮಿಷ, ಅಷ್ಟರಲ್ಲಿ ಸಿಲಿಂಡರುಗಳಲ್ಲಿ ಒಟ್ಟು 40 ಲಕ್ಷ ಸಲ ಇಂಧನ ಹೊತ್ತಿಕೊಳ್ಳುತ್ತದೆ. ಒಂದು ಸಲಕ್ಕೆ ಹೋದ ಆಯಿಲ್ ಕಾಲು ಘನ ಮಿಲಿಮೀಟರ್. ಒಂದು ಹನಿ ಸುಮಾರು 200 ಸಲಕ್ಕೆ ಹಂಚಿಹೋಗಿರುತ್ತದೆ. ತಿಂಗಳ ಖರ್ಚಿನಲ್ಲಿ ಎದ್ದುಕಾಣುವ ಈ ಸೋರಿಕೆ ಗೇಜಿನ ಮುಳ್ಳಿಗೆ ಏನೂ ಅಲ್ಲ. ಅಷ್ಟೇಕೆ, ಸಿಲಿಂಡರಿನಲ್ಲಿ ಹೆಚ್ಚಾಗಿ ಉಳಿದ ಆಯಿಲ್ ರಿಂಗಿನ ಸಂದಿ ಮುಚ್ಚಿ ಕಂಪ್ರೆಷನ್ನನ್ನು ಇದ್ದದ್ದಕ್ಕಿಂತ ಚೆನ್ನಾಗಿ ತೋರಿಸುವುದೂ ಉಂಟು.

ಬಿಡದಿಯ ಟೊಯೊಟಾ ಕಾರ್ಖಾನೆಯ ಜಪಾನಿ ಮಾತೃಸಂಸ್ಥೆಗೇ ಇದರ ದೊಡ್ಡ ಅನುಭವವಾಗಿದೆ. ಕ್ಯಾಮ್ರಿ ಮುಂತಾದ ಕಾರುಗಳಲ್ಲಿದ್ದ ಅದರ 2.4 ಲೀಟರಿನ ಪೆಟ್ರೋಲ್ ಎಂಜಿನ್ ಹೆಚ್ಚು ಆಯಿಲ್ ಕುಡಿಯುತ್ತದೆಂದು ಅಮೆರಿಕದಲ್ಲಿ ದೂರುಗಳು ಬಂದವು. ಕಂಪನಿ ವಾರಂಟಿ ವಿಸ್ತರಿಸಿ ಪಿಸ್ಟನ್ನು, ರಿಂಗು ಬದಲಿಸಿಕೊಟ್ಟಿತು. ಯಾವ ಗಾಡಿಗೆ ಈ ರಿಪೇರಿ ಸಲ್ಲಬೇಕೆಂದು ತೀರ್ಮಾನಿಸಿದ್ದು ಆಯಿಲ್ ಖರ್ಚಿನ ಪರೀಕ್ಷೆ. ಆಯಿಲ್ ತುಂಬಿ ಸೀಲು ಮಾಡಿ, 1,200 ಮೈಲಿ ಓಡಿಸಿ, ಒಂದು ಕ್ವಾರ್ಟಿಗೆ, ಅಂದರೆ ಹತ್ತಿರಹತ್ತಿರ ಒಂದು ಲೀಟರಿಗೆ, ಮೀರಿ ಖರ್ಚಾಗಿದೆಯೇ ಎಂದು ಅಳೆದರು. ಎಂಜಿನ್ ಕಟ್ಟಿದವರೇ ಆಯಿಲಿನ ಪ್ರಶ್ನೆಗೆ ಡಿಪ್‌ಸ್ಟಿಕ್ಕಿನಿಂದ ಉತ್ತರ ಹುಡುಕಿದ್ದಾರೆ.

ಪಳಗಿದ ಮಿಸ್ತ್ರಿಗೆ ಗೇಜು ಬೇಕಿಲ್ಲ, ಎಂಜಿನ್ ಸದ್ದು ಕೇಳಿಯೇ ಹೇಳುತ್ತಾನೆ ಎಂಬ ಮಾತಿದೆ. ಆ ಜಾಣ್ಮೆ ನಿಜವಾದದ್ದು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೀಲರ್ ರೇಷ್ಮೆಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ ಒಳಗಿನ ಹುಳದ ಸ್ಥಿತಿ ತಿಳಿಯುತ್ತಾನೆ, ಹಿಚುಕಿ ಚಿಪ್ಪಿನ ದಪ್ಪ ಅಂದಾಜು ಮಾಡುತ್ತಾನೆ. ಆದರೆ ಆ ರೀಲರಿಗೆ ತನ್ನ ಅಂದಾಜು ಸರಿಯೋ ತಪ್ಪೋ ಎಂಬುದು ನೂಲು ಬಿಚ್ಚಿದ ದಿನವೇ ಗೊತ್ತಾಗುತ್ತದೆ. ಎಷ್ಟು ಕೆ.ಜಿ. ಗೂಡಿಗೆ ಒಂದು ಕೆ.ಜಿ. ರೇಷ್ಮೆ ಬಂತು ಎಂಬ ಲೆಕ್ಕ ಅವನ ಕಿವಿಯನ್ನು ದಿನದಿನವೂ ತಿದ್ದುತ್ತದೆ. ಎಂಜಿನ್ ಮಿಸ್ತ್ರಿಗೆ ಹಾಗೆ ತಿದ್ದುವ ಗುರು ಇಲ್ಲ. ರಿಂಗ್ ಹೋಗಿದೆ ಎಂದು ಬೋರ್ ಮಾಡಿದಾಗ ವಾಲ್ವ್ ಸೀಲೂ ಹೊಸದಾಗುತ್ತದೆ, ಗ್ಯಾಸ್ಕೆಟ್ಟೂ ಹೊಸದಾಗುತ್ತದೆ, ಹೊಗೆ ನಿಲ್ಲುತ್ತದೆ. ಕೆಟ್ಟಿದ್ದದ್ದು ಬರೀ ಸೀಲು ಆಗಿದ್ದರೂ ಅವನಿಗೆ ತಿಳಿಯುವ ಬಗೆಯಿಲ್ಲ, ಗಿರಾಕಿಗಂತೂ ಇಲ್ಲವೇ ಇಲ್ಲ. ಆದ್ದರಿಂದ ಕಿವಿ ಎಷ್ಟೇ ಚುರುಕಾಗಿರಲಿ, ಎಂಜಿನ್ ಬಿಚ್ಚುವ ಮುನ್ನ ಒಂದು ಅಂಕಿ ಬರೆದಿಡುವುದು ಯಾರಿಗೇ ಆಗಲಿ ಮಿಸ್ತ್ರಿತನವನ್ನು ಬೆಳೆಸುವ ದಾರಿ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಬಲವಾದದ್ದು: ಗೇಜೂ ಸುಳ್ಳು ಹೇಳುತ್ತದೆ. ಹೌದು, ಹೇಳುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಎಲ್ಲ ಪ್ಲಗ್ಗುಗಳನ್ನೂ ಬಿಚ್ಚದೆ, ಆಕ್ಸಿಲರೇಟರ್ ಪೂರ್ತಿ ಒತ್ತದೆ, ಸೋತ ಬ್ಯಾಟರಿಯಲ್ಲಿ ತಿರುಗಿಸಿದರೆ ಆರೋಗ್ಯವಂತ ಎಂಜಿನ್ನೂ ರೋಗಿಯಂತೆ ಕಾಣುತ್ತದೆ. ಇದರ ಮೇಲೆ ನಮ್ಮ ನೆಲದ ಎತ್ತರ ಸೇರುತ್ತದೆ, ಅದನ್ನು ಗಮನಿಸುವವರು ಕಡಿಮೆ. ರಾಮನಗರ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ, ಮಾಗಡಿ 900 ಮೀಟರ್ ದಾಟುತ್ತದೆ. ಗಾಳಿಯ ಒತ್ತಡ ರಾಮನಗರದಲ್ಲಿ ಶೇಕಡ 8ರಷ್ಟು, ಮಾಗಡಿಯಲ್ಲಿ ಶೇಕಡ 10ರಷ್ಟು ಕಡಿಮೆ. ಎಂಜಿನ್ ಒತ್ತುವುದು ಇದೇ ಗಾಳಿಯನ್ನು. ಕಡಲತೀರದಲ್ಲಿ 180 ಪಿ.ಎಸ್.ಐ. ತೋರಿಸುವ ಪೆಟ್ರೋಲ್ ಎಂಜಿನ್ ಇಲ್ಲಿ 165 ತೋರಿಸಿದರೆ ಅದರಲ್ಲಿ ಯಾವ ದೋಷವೂ ಇಲ್ಲ. ಹೀಗಿರುವಾಗ ಪುಸ್ತಕದ ಅಂಕಿಯನ್ನು ಕುರುಡಾಗಿ ಹಿಡಿಯುವವನಿಗಿಂತ ನಾಲ್ಕು ಸಿಲಿಂಡರುಗಳನ್ನು ಪರಸ್ಪರ ಹೋಲಿಸುವವನೇ ಮೇಲು. ಒಂದು ಸಿಲಿಂಡರ್ ಉಳಿದವಕ್ಕಿಂತ ಶೇಕಡ 15ರಷ್ಟು ಕೆಳಗಿದ್ದರೆ ಅಲ್ಲಿ ವಿಚಾರಿಸಬೇಕು. ಪೆಟ್ರೋಲ್ ಎಂಜಿನ್ನಾದರೆ ಆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಬಹುದು. ಏರಿದರೆ ದೋಷ ರಿಂಗು, ಬೋರಿನ ಕಡೆ. ಏರದಿದ್ದರೆ ವಾಲ್ವಿನ ಅಥವಾ ಹೆಡ್ ಗ್ಯಾಸ್ಕೆಟ್ಟಿನ ಕಡೆ. ಡೀಸೆಲ್ಲಿಗೆ ಇದನ್ನು ಮಾಡಬಾರದು. ಅಲ್ಲಿ ಪಿಸ್ಟನ್ ಮೇಲೆ ಜಾಗವೇ ಇಲ್ಲ, ಒತ್ತಡ ಪೆಟ್ರೋಲಿನ ಎರಡು ಮೂರು ಪಟ್ಟು, ಕುಗ್ಗದ ಆಯಿಲ್ ಸಿಕ್ಕಿಕೊಂಡರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. 2013ರಿಂದ ಬಿಡದಿಯಲ್ಲಿ ಜೋಡಿಸುತ್ತಿರುವ ಹೈಬ್ರಿಡ್ ಕಾರುಗಳಿಗಂತೂ ಹಳೆಯ ರೀತಿಯ ಸ್ಟಾರ್ಟರೇ ಇಲ್ಲ. ಅವುಗಳ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುವುದರಿಂದ ಗೇಜಿನ ಅಂಕಿ ಸ್ವಭಾವತಃ ಕಡಿಮೆ. ಇಷ್ಟೆಲ್ಲ ಎಚ್ಚರ ಬೇಕೆಂಬುದು ಗೇಜನ್ನು ಬಿಡಲು ಕಾರಣವಾಗದು, ಅದನ್ನು ಕಲಿತು ಬಳಸಲು ಕಾರಣ.

ಹೊಗೆ ಕಾಣದಿದ್ದರೆ ಚಿಂತೆ ಏಕೆ ಎನ್ನುವವರೂ ಇದ್ದಾರೆ. ಕಂಪನಿಗಳೇ 1,000 ಕಿಲೋಮೀಟರಿಗೆ ಒಂದು ಲೀಟರಿನವರೆಗೆ ಸಹಜವೆಂದು ಕೈಪಿಡಿಯಲ್ಲಿ ಬರೆಯುವುದುಂಟು. ಎಲ್ಲ ಎಂಜಿನ್ನೂ ಸ್ವಲ್ಪ ಆಯಿಲ್ ಸುಡುತ್ತದೆ ಎಂಬುದು ನಿಜ, ಆದರೆ ಆ ಮಿತಿ ವಾರಂಟಿಯ ಬೇಲಿ, ಆರೋಗ್ಯದ ಗುರುತು ಅಲ್ಲ. ನಾಲ್ಕು ಲೀಟರ್ ಹಿಡಿಯುವ ಸಂಪಿನಲ್ಲಿ ಆ ಲೆಕ್ಕದಲ್ಲಿ ಖರ್ಚಾದರೆ 10,000 ಕಿಲೋಮೀಟರಿನ ಸರ್ವಿಸ್ ಬರುವ ಎಷ್ಟೋ ಮೊದಲೇ ಬೇರಿಂಗ್ ಒಣಗುತ್ತದೆ. ಹೊಗೆಯೋ, ಈಗಿನ ಗಾಡಿಯಲ್ಲಿ ಕಾಣುವುದೇ ಅಪರೂಪ. ವಾಹನಗಳ ಹೊಗೆಗೆ ಮಿತಿ ಹಾಕುವ ಬಿ.ಎಸ್. 6 ನಿಯಮ 2020ರ ಏಪ್ರಿಲಿನಿಂದ ಜಾರಿಗೆ ಬಂದಿದೆ. ಕ್ಯಾಟಲಿಟಿಕ್ ಕನ್ವರ್ಟರು ಸುಟ್ಟ ಆಯಿಲಿನ ಬಹುಪಾಲನ್ನು ಕಣ್ಣಿಗೆ ಬೀಳದಂತೆ ನುಂಗುತ್ತದೆ, ಆಯಿಲಿನ ರಂಜಕದಿಂದ ತಾನೇ ನಿಧಾನಕ್ಕೆ ಸಾಯುತ್ತದೆ. ಡೀಸೆಲ್ ಗಾಡಿಯ ಹೊಗೆ ಸೋಸುವ ಫಿಲ್ಟರಿನಲ್ಲಿ ಬೂದಿ ತುಂಬುತ್ತದೆ. ಹ್ಯಾಂಡಲ್ ಹೋದ ಮೇಲೆ ಉಳಿದಿದ್ದ ಸಾಕ್ಷಿಯೂ ಹೀಗೆ ಬಾಯಿ ಮುಚ್ಚಿದೆ.

2023ರ ಮಾರ್ಚ್ 12ರಂದು ಉದ್ಘಾಟನೆಯಾದ 118 ಕಿಲೋಮೀಟರಿನ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬದಿಗಿಟ್ಟು ಹೋಗುತ್ತದೆ. ದೂರದ ಗಾಡಿಗಳು ಈಗ ಊರೊಳಗೆ ನಿಲ್ಲುವುದಿಲ್ಲ. ಹಳೆಯ ರಸ್ತೆಯ ಗ್ಯಾರೇಜಿಗೆ ಉಳಿದಿರುವ ಗಿರಾಕಿ ಬಹುಪಾಲು ಊರಿನವನು, ಹಳೆಯ ಗಾಡಿಯವನು. 15 ವರ್ಷ ದಾಟಿದ ಕ್ವಾಲಿಸ್, ಇನೋವಾಗಳು ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಳ್ಳುತ್ತ ಇನ್ನೂ ದುಡಿಯುತ್ತಿವೆ. ಎಮಿಷನ್ ಟೆಸ್ಟ್ ಹಳೆಯ ಡೀಸೆಲ್ಲಿಗೆ 65 ಹಾರ್ಟ್‌ರಿಡ್ಜ್ ಮಿತಿ ಇಟ್ಟು ಹೊಗೆಯ ದಟ್ಟಣೆಯನ್ನು ನೋಡುತ್ತದೆ. ಆ ಹೊಗೆ ಇಂಜೆಕ್ಟರಿನ ಮಸಿಯೋ ಸಿಲಿಂಡರಿನ ಆಯಿಲೋ ಎಂದು ಅದು ಹೇಳುವುದಿಲ್ಲ. ಅಲ್ಲಿ ಫೇಲಾದ ಗಾಡಿ ನೇರ ಬೋರಿಗೆ ಹೋಗುವ ಮುನ್ನ ಎರಡು ಕೆಲಸ ಆಗಬೇಕು. ಆಯಿಲ್ ಮೇಲಿನ ಗೆರೆಗೆ ತುಂಬಿ, ಮೀಟರ್ ಬರೆದಿಟ್ಟುಕೊಂಡು 1,000 ಕಿಲೋಮೀಟರ್ ಓಡಿಸಿ ಎಷ್ಟು ಇಳಿಯಿತೆಂದು ನೋಡುವುದು ಮೊದಲನೆಯದು, ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಡೀಸೆಲ್ ಗೇಜಿನಲ್ಲಿ ನಾಲ್ಕೂ ಸಿಲಿಂಡರ್ ಅಳೆದು ಅಂಕಿಗಳನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳುವುದು ಎರಡನೆಯದು. ಆಯಿಲ್ ಇಳಿದು ಕಂಪ್ರೆಷನ್ ನಿಂತಿದ್ದರೆ ಟರ್ಬೋ ಪೈಪು, ಬ್ರೀದರು, ವಾಲ್ವ್ ಸೀಲು ಮೊದಲು ನೋಡಬೇಕು, ಆಮೇಲೆ ಆಯಿಲ್ ರಿಂಗು. ಆಯಿಲ್ ನಿಂತು ಕಂಪ್ರೆಷನ್ ಒಂದೇ ಸಿಲಿಂಡರಿನಲ್ಲಿ ಬಿದ್ದಿದ್ದರೆ ವಾಲ್ವು ಅಥವಾ ಹೆಡ್ ಗ್ಯಾಸ್ಕೆಟ್ಟು. ಆಯಿಲೂ ಇಳಿದು ಕಂಪ್ರೆಷನ್ ಎಲ್ಲ ಸಿಲಿಂಡರಿನಲ್ಲೂ ಬಿದ್ದಿದ್ದರೆ, ಏರ್ ಫಿಲ್ಟರಿನ ಪೈಪಿನೊಳಗೆ ಬೆರಳಾಡಿಸಿದಾಗ ಕ್ಲೋಸ್‌ಪೇಟೆಯ ಕಲ್ಲಿನ ಪುಡಿ ಸಿಕ್ಕರೆ, ಆಗ ಬೋರ್ ಮಾಡಿಸಲಿ. ಜೊತೆಗೆ ಆ ಪೈಪನ್ನೂ ಬದಲಿಸಲಿ, ಇಲ್ಲವಾದರೆ ಹೊಸ ಪಿಸ್ಟನ್ನೂ ಅದೇ ಧೂಳು ತಿನ್ನುತ್ತದೆ.